ಪಾಷಾಣದ ನೀರು

ಪಾಷಾಣವೆಂದರೆ ಕಲ್ಲು, ಪಾಷಾಣವೆಂದರೆ ವಿಷ. ಒಂದೇ ಮಾತಿನಲ್ಲಿ ಈ ಎರಡರ್ಥಗಳು ಹೇಗೆ ಕೂಡಿಬಂದವೆಂಬುದನ್ನು ನಿಘಂಟಿಗಿಂತ ಚೆನ್ನಾಗಿ ಕೃಷ್ಣಾತೀರದ ನೆಲವೇ ಹೇಳಬಲ್ಲುದು.

ನವನಗರದವರಾದ ನಮಗೆ ನೀರಿನ ಚರಿತ್ರೆಯೆಂದರೆ ಆಲಮಟ್ಟಿಯ ಚರಿತ್ರೆ. ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನು ನುಂಗಿತು. ಅದರಿಂದ ನಮ್ಮ ಊರು ಹುಟ್ಟಿತು. ಕಣ್ಣಿಗೆ ಕಾಣುವ ನೀರಿನ ಉಪಕಾರ ಅಪಕಾರಗಳೆರಡನ್ನೂ ನಾವು ಬಲ್ಲೆವು. ನೆಲದೊಳಗಿನ ನೀರಿಗೂ ಒಂದು ಚರಿತ್ರೆಯುಂಟೆಂಬುದನ್ನು ಮಾತ್ರ ಮರೆಯುತ್ತೇವೆ.

ಆ ಚರಿತ್ರೆ ಚಿನ್ನದಿಂದ ಮೊದಲಾಗುತ್ತದೆ. ಲಿಂಗಸೂಗೂರು ತಾಲ್ಲೂಕಿನ ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಜನ ನೆಲವನ್ನು ಅಗೆದು ಚಿನ್ನ ತೆಗೆದಿದ್ದರು. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡುಹಿಡಿದ ಬೀಡನ್ ಕೂಡ ಚಿನ್ನದ ಗಣಿಯ ಇಂಜಿನಿಯರನೇ. ಇಂಥದೇ ಪ್ರಾಚೀನ ಶಿಲೆಯ ಪಟ್ಟಿಯೊಂದು ಸುರಪುರ ಸೀಮೆಯ ಮಂಗಳೂರಿನಲ್ಲಿದೆ. ಇದು ಕಡಲತೀರದ ಮಂಗಳೂರಲ್ಲ. ಇಲ್ಲಿಯೂ ಹಿಂದೆ ಚಿನ್ನ ತೆಗೆದಿದ್ದಾರೆ. ಇಂಥ ಶಿಲೆಯಲ್ಲಿ ಚಿನ್ನದ ಜೊತೆಗೆ ಕಬ್ಬಿಣ, ಗಂಧಕ, ಆರ್ಸೆನಿಕ್ ಕೂಡಿದ ಖನಿಜವೂ ಇರುವುದುಂಟು. ಚಿನ್ನಕ್ಕಾಗಿ ಕಲ್ಲನ್ನು ಪುಡಿಮಾಡಿದಾಗ ಚಿನ್ನ ಹೊರಗೆ ಹೋಗುತ್ತದೆ, ಪುಡಿ ಊರಿನಲ್ಲಿಯೇ ಉಳಿಯುತ್ತದೆ.

ಇನ್ನೊಂದು ಎಳೆ ನಾರುಹುಣ್ಣಿನದು. ಮೆಟ್ಟಿಲು ಬಾವಿಗಿಳಿದು ನೀರು ತುಂಬುತ್ತಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಈ ರೋಗ ಜನರನ್ನು ಬಹುಕಾಲ ಕಾಡಿತು. ಅದನ್ನು ಗೆದ್ದದ್ದರಲ್ಲಿ ಕೊಳವೆಬಾವಿಯ ಪಾಲು ದೊಡ್ಡದು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಹುಳುವಿಗೆ ಅಂಜಿ ಆಳಕ್ಕಿಳಿದ ನಾವು, ಆಳದಲ್ಲಿ ಏನಿದೆಯೆಂದು ಎಲ್ಲೆಡೆಯೂ ವಿಚಾರಿಸಲಿಲ್ಲ.

1983ರಲ್ಲಿ ಕಲ್ಕತ್ತದ ಡಾ. ಕೆ. ಸಿ. ಸಾಹಾ ಅವರು ರೋಗಿಗಳ ಚರ್ಮದ ಮೇಲಿನ ಕಲೆಗಳಲ್ಲಿ ಕೊಳವೆಬಾವಿಯ ಆರ್ಸೆನಿಕ್ಕನ್ನು ಗುರುತಿಸಿದರು. ಅದು ಬಂಗಾಳದ ಮೆಕ್ಕಲು ಮಣ್ಣಿನ ಪಾಡು, ನಮಗೇನೆಂದುಕೊಳ್ಳುವುದು ಸುಲಭವಾಗಿತ್ತು. ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಮಂಗಳೂರು ಗಣಿಯ ನೆರೆಯ ಕಿರದಳ್ಳಿ ತಾಂಡಾದ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದಾಗ ಆ ಸಮಾಧಾನ ಉಳಿಯಲಿಲ್ಲ. ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ದಾಟಿತ್ತು. ಒಂದರಲ್ಲಿ 303 ಇತ್ತು. ತಪಾಸಣೆಗೊಳಗಾದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ಅದರ ಗುರುತಿತ್ತು. ಇದರಲ್ಲಿ ಕಲ್ಲಿನ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದನ್ನು ಆ ಅಧ್ಯಯನ ನಿರ್ಧರಿಸಲಿಲ್ಲ.

ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದು ದಟ್ಟವಾಗುತ್ತದೆ. ಇಂದ್ರಿಯಗಳು ಸೋತಲ್ಲಿ ಪ್ರಯೋಗಶಾಲೆಯೊಂದೇ ಗತಿ. ತಾಂಡಾದ ಹೆಣ್ಣುಮಗಳು ಕೊಡವನ್ನು ಪಂಪಿನ ಕೆಳಗಿಡುವಾಗ ಅವಳಿಗೆ ಈ ವಿದ್ಯೆ ಗೊತ್ತಿರಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಬಾವಿ ಕೊರೆಸಿದವರಿಗೆ ಗೊತ್ತಿರಬೇಕು. ಬಾಂಗ್ಲಾದೇಶದಲ್ಲಿ ಕೆಟ್ಟ ಕೊಳವೆಬಾವಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಓದುಬಾರದವರಿಗೂ ಅರ್ಥವಾಗುವ ಮಾತು ಅದು.

ಚಿನ್ನ ಎಲ್ಲೆಲ್ಲಿದೆಯೆಂದು ನಮ್ಮ ಹಿರಿಯರು ಎರಡು ಸಾವಿರ ವರ್ಷಗಳ ಹಿಂದೆಯೇ ನೆಲವನ್ನು ಪರೀಕ್ಷಿಸಿ ತಿಳಿದಿದ್ದರು. ಕುಡಿಯುವ ನೀರಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕೆಂದರೆ ಅದು ಅತಿಯಾಸೆಯಾಗಲಾರದು.