ಮೆಶ್ ಬದುಕಿಡೀ, ದಾಖಲೆ ಮಾತ್ರ ಮೂರು ವರ್ಷ

'ಗರ್ಭಕೋಶ ಜಾರಿದೆ' ಅನ್ನೋ ಮಾತನ್ನು ನಮ್ಮ ಜಯನಗರದ ಮನೆಗಳಲ್ಲಿ ಅಮ್ಮ, ಅತ್ತೆಯಂದಿರು ಈಗಲೂ ಪಿಸುದನಿಯಲ್ಲೇ ಆಡೋದು. ಹೆರಿಗೆ, ವಯಸ್ಸು, ಭಾರ ಎತ್ತುವ ಕೆಲಸ, ಬಿಡದ ಕೆಮ್ಮು ಇವುಗಳಿಂದ ಆಧಾರವಾಗಿರುವ ಸ್ನಾಯುಗಳು ಸಡಿಲಗೊಂಡು ಗರ್ಭಕೋಶ, ಮೂತ್ರಕೋಶ ಅಥವಾ ಗುದನಾಳ ಯೋನಿಯ ಕಡೆ ಇಳಿಯುತ್ತದೆ. ಕಾಯಿಲೆಯ ಬಗ್ಗೆಯೇ ಇಷ್ಟು ಸಂಕೋಚ ಇರುವಾಗ, ಆಪರೇಷನ್ ಆಗಿ ವರ್ಷಗಳ ಮೇಲೆ ಬರುವ ತೊಂದರೆಯನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೆಶ್ ಅಂದರೇನು?

ಜಾರಿದ ಅಂಗಕ್ಕೆ ಆಸರೆಯಾಗಿ ಹೊಲಿಯುವ ಬಲೆ. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನದು. ಹೊಟ್ಟೆಯ ಮೂಲಕ ಹಾಕುವುದು ಬೇರೆ, ಯೋನಿಯ ಮೂಲಕ ಹಾಕುವುದು ಬೇರೆ. ಹೆಚ್ಚು ವಿವಾದಕ್ಕೆ ಸಿಕ್ಕಿದ್ದು ಎರಡನೆಯದು.

ತಡವಾಗಿ ಬರುವ ತೊಂದರೆಗಳು

ಬಲೆ ಯೋನಿಯ ಗೋಡೆಯನ್ನು ಕೊರೆದು ಹೊರಗೆ ಕಾಣಿಸಿಕೊಳ್ಳಬಹುದು. ರಕ್ತಸ್ರಾವ, ವಾಸನೆಯ ಸ್ರಾವ, ಸೊಂಟ ಮತ್ತು ತೊಡೆಸಂದಿಯ ನೋವು, ಸಂಭೋಗದಲ್ಲಿ ನೋವು, ಮತ್ತೆ ಮತ್ತೆ ಮೂತ್ರದ ಸೋಂಕು ಕಾಡಬಹುದು. ಇವು ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ಹಲವು ವರ್ಷಗಳ ನಂತರ ಬರುತ್ತವೆ. ಯೋನಿಯ ಮೂಲಕ ಮೆಶ್ ಹಾಕಿಸಿಕೊಂಡವರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಒಂದು ವರ್ಷದೊಳಗೇ ಬಲೆ ಕೊರೆದು ಬರುತ್ತದೆ ಎಂದು ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿತ್ತು. ಮಾಂಸ ಬಲೆಯೊಳಗೆ ಬೆಳೆದುಕೊಳ್ಳುವುದರಿಂದ ಅದನ್ನು ಪೂರ್ತಿ ತೆಗೆಯೋದು ಕಷ್ಟ. ತೆಗೆದರೂ ನೋವು ಉಳಿಯಬಹುದು.

ಬೇರೆ ದೇಶಗಳು ಏನು ಮಾಡಿದವು?

ಈ ಬಗೆಯ ಮೆಶ್ ವಿರುದ್ಧ ಆಸ್ಟ್ರೇಲಿಯಾ 2017ರ ನವೆಂಬರ್‌ನಲ್ಲಿ ಕ್ರಮ ಕೈಗೊಂಡಿತು. ಇಂಗ್ಲೆಂಡ್ 2018ರ ಜುಲೈನಲ್ಲಿ ಬಳಕೆಗೆ ತಡೆ ಹಾಕಿತು. 2019ರ ಏಪ್ರಿಲ್‌ನಲ್ಲಿ ಎಫ್‌ಡಿಎ ಮಾರಾಟ ನಿಲ್ಲಿಸಲು ಆದೇಶಿಸಿತು. ಬ್ರಿಟನ್‌ನ ಕಂಬರ್‌ಲೆಜ್ ವರದಿ (2020) ಹೇಳಿದ್ದು ಒಂದೇ ಮುಖ್ಯ ಮಾತು: ಹೆಂಗಸರು ನೋವು ಅಂದಾಗ ವ್ಯವಸ್ಥೆ ಕೇಳಿಸಿಕೊಳ್ಳಲಿಲ್ಲ.

ನಮ್ಮಲ್ಲಿ?

ವೈದ್ಯಕೀಯ ಸಾಧನಗಳಿಂದಾದ ತೊಂದರೆಯನ್ನು ದಾಖಲಿಸಲು 2015ರಲ್ಲಿ ಶುರುವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ರೋಗಿಗಳೇ ದೂರು ಕೊಡಬಹುದು. ಉಚಿತ ಸಹಾಯವಾಣಿ 1800-180-3024. ಆದರೆ ದೂರು ಕೊಡಲು ಯಾವ ಕಂಪನಿಯ ಯಾವ ಮೆಶ್ ಅಂತ ಗೊತ್ತಿರಬೇಕಲ್ಲ? ವೈದ್ಯರ ನಡತೆ ಕುರಿತ 2002ರ ನಿಯಮಾವಳಿ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ ಮೂರು ವರ್ಷ ಇಟ್ಟುಕೊಂಡರೆ ಸಾಕು. ಐದನೇ ವರ್ಷ ನೋವು ಬಂದವರು ಏನು ತೋರಿಸಬೇಕು? ನನ್ನ ತಕರಾರು ಇದೇ. ದೇಹದೊಳಗೆ ಬದುಕಿಡೀ ಇರುವ ವಸ್ತುವಿನ ದಾಖಲೆಯೂ ಬದುಕಿಡೀ ಇರಬೇಕು, ಅದಕ್ಕೊಂದು ರಾಷ್ಟ್ರೀಯ ನೋಂದಣಿ ಬೇಕು.

ಈಗಲೇ ಮಾಡಬಹುದಾದ್ದು

ಅದೇ ನಿಯಮಾವಳಿ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಮೆಶ್ ಪೊಟ್ಟಣದ ಸ್ಟಿಕ್ಕರ್ ಕೇಳಿ ಪಡೆಯಿರಿ, ಫೋಟೋ ತೆಗೆದಿಡಿ. ಆಪರೇಷನ್ ಇನ್ನೂ ಆಗಿಲ್ಲ ಅಂದರೆ ಪೆಸರಿ, ಸ್ನಾಯುಗಳ ವ್ಯಾಯಾಮ, ಮೆಶ್ ಇಲ್ಲದ ಹೊಲಿಗೆ ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ಮೆಶ್ ಹಾಕಿಸಿಕೊಂಡು ಆರಾಮಾಗಿರುವವರು ಗಾಬರಿಯಾಗಿ ತೆಗೆಸಬೇಕಿಲ್ಲ.

ಇವತ್ತು ಮನೆಗೆ ಹೋಗಿ ಅಮ್ಮನನ್ನು ಕೇಳಿ: 'ನಿನ್ನ ಆಪರೇಷನ್ ಫೈಲ್ ಎಲ್ಲಿದೆ?'