‘ಈ’ ಮತ್ತು ‘ಇದು’

‘ಈ’ ಒಂಟಿಯಾಗಿ ನಿಲ್ಲಲಾರದ ಪದ. ಈ ಮನೆ, ಈ ಹುಡುಗ ಎಂದು ಅದರ ಬೆನ್ನಿಗೊಂದು ನಾಮಪದ ಬರಲೇಬೇಕು. ‘ಇದು’ ಹಾಗಲ್ಲ, ತಾನೇ ನಾಮಪದದ ಜಾಗದಲ್ಲಿ ಕೂತು ಇದನ್ನು, ಇದಕ್ಕೆ, ಇದರಿಂದ ಎಂದು ವಿಭಕ್ತಿಗಳನ್ನೂ ಹಚ್ಚಿಕೊಳ್ಳುತ್ತದೆ. ವ್ಯಾಕರಣದಲ್ಲಿ ಮೊದಲನೆಯದು ನಿರ್ದೇಶಕ ವಿಶೇಷಣ, ಎರಡನೆಯದು ನಿರ್ದೇಶಕ ಸರ್ವನಾಮ. ‘ಇದು ಮನೆಯಲ್ಲಿ ಕೂತೆವು’ ಎಂದು ಕನ್ನಡದ ಮಗು ಹೇಳುವುದಿಲ್ಲ. ಇಂಗ್ಲಿಷಿನ ‘ದಿಸ್’ ಎದುರಾದಾಗ ಮಾತ್ರ ತೊಡಕು, ಅಲ್ಲಿ ಎರಡೂ ಕೆಲಸಕ್ಕೆ ಒಂದೇ ಪದ.

ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕಗಳ ವ್ಯಾಪಾರ ನಡೆಯುತ್ತದೆ. ‘ಈ’, ‘ಇದು’ಗಳ ಭೇದವನ್ನು ಕಿವಿಯಿಂದಲೇ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪುಸ್ತಕದ ಬೆಲೆ ಕೇಳುವ ತೆಲುಗರು ‘ಈ ಪುಸ್ತಕಂ ಎಂತ’ ಎನ್ನುತ್ತಾರೆ. ಬರೀ ಬೆರಳು ತೋರಿಸಿದರೆ ‘ಇದಿ ಎಂತ’. ನಗರದ ಕನ್ನಡಿಗರದೂ ಅದೇ ದಾರಿ: ‘ಈ ಪುಸ್ತಕ ಎಷ್ಟು’, ‘ಇದು ಎಷ್ಟು’. ಉರ್ದುವಿನಲ್ಲಿ ಎರಡಕ್ಕೂ ‘ಯೇ’ ಸಾಕು: ‘ಯೇ ಕಿತಾಬ್’ ಅಂದರೂ ‘ಯೇ’, ಪುಸ್ತಕದ ಹೆಸರೆತ್ತದಿದ್ದರೂ ‘ಯೇ’. ಹೀಗೆ ತೆಲುಗು, ಕನ್ನಡ ಒಂದು ಬಣವಾದರೆ ಉರ್ದು, ಇಂಗ್ಲಿಷ್ ಇನ್ನೊಂದು ಬಣ.

ಆದ್ದರಿಂದ ‘ದಿಸ್’ ವಿಶೇಷಣವೋ ಸರ್ವನಾಮವೋ ತಿಳಿಯಲು ಇಂಗ್ಲಿಷ್ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ನೋಡುವುದೇ ಸುಲಭದ ಪರೀಕ್ಷೆ. ‘ದಿಸ್ ಬುಕ್ ಈಸ್ ಓಲ್ಡ್’ ಎಂಬಲ್ಲಿ ‘ಈ’ ಬರುತ್ತದೆ, ಅದು ವಿಶೇಷಣ. ‘ದಿಸ್ ಈಸ್ ಎ ಬುಕ್’ ಎಂಬಲ್ಲಿ ‘ಇದು’ ಬರುತ್ತದೆ, ಅದು ಸರ್ವನಾಮ. ‘ದಿಸ್ ಓಲ್ಡ್ ಬುಕ್’ ಎಂದು ನಡುವೆ ಇನ್ನೊಂದು ಪದ ನುಸುಳಿದರೂ ಪರೀಕ್ಷೆ ಕೆಡದು. ‘ದಟ್’ ಮಾತ್ರ ಸ್ವಲ್ಪ ಕಿಲಾಡಿ. ‘ಹಿ ಸೆಡ್ ದಟ್...’ ಎಂದು ಮಾತು ಮುಂದುವರಿದಾಗ ಕನ್ನಡದಲ್ಲಿ ‘ಎಂದು’ ಅಥವಾ ‘ಅಂತ’ ಬರುತ್ತದೆ. ‘ದಟ್ ಬಿಗ್’ ಎಂದಾಗ ‘ಅಷ್ಟು’. ಆ ಎರಡೂ ಕಡೆ ಅದು ವಿಶೇಷಣವೂ ಅಲ್ಲ, ಸರ್ವನಾಮವೂ ಅಲ್ಲ.

ವಚನದ ವಿಷಯದಲ್ಲಿ ಕನ್ನಡವನ್ನು ನಂಬಿದರೆ ಮೋಸ. ಪುಸ್ತಕ ಒಂದಿರಲಿ ಹತ್ತಿರಲಿ, ‘ಈ’ ಬದಲಾಗದು; ಬದಲಾಗುವುದು ‘ಇದು’, ಅದು ‘ಇವು’ ಆಗುತ್ತದೆ. ತೆಲುಗಿನ ‘ಈ’, ಉರ್ದುವಿನ ‘ಯೇ’ ಕೂಡ ಹತ್ತು ಪುಸ್ತಕಗಳ ಮುಂದೆ ಹಾಗೇ ಉಳಿಯುತ್ತವೆ. ಇಂಗ್ಲಿಷಿನಲ್ಲಿ ವಿಶೇಷಣವೂ ‘ದೀಸ್’ ಆಗಬೇಕು. ‘ದಿಸ್ ಬುಕ್ಸ್’ ಎಂಬ ತಪ್ಪು ಮೂರೂ ಮನೆಮಾತಿನ ಮಕ್ಕಳ ಬಾಯಲ್ಲಿ ಸಲೀಸಾಗಿ ಹುಟ್ಟುವುದು ಹೀಗೆ.

‘ಆ’, ‘ಈ’ಗಳ ಬೇರನ್ನು ಹುಡುಕಿದವರಲ್ಲಿ ಮುಖ್ಯರೊಬ್ಬರು ಹೈದರಾಬಾದಿನವರೇ ಆಗಿಹೋದರು: ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಕಲಿಸಿದ, ಮುಂದೆ ಹೈದರಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದ ಭದ್ರಿರಾಜು ಕೃಷ್ಣಮೂರ್ತಿ. ದ್ರಾವಿಡ ಭಾಷೆಗಳ ಕುರಿತ ಅವರ ದೊಡ್ಡ ಗ್ರಂಥ ಬಂದದ್ದು 2003ರಲ್ಲಿ. ಮೂಲ ದ್ರಾವಿಡದಲ್ಲಿ ಅ, ಇ, ಉ ಎಂಬ ಹ್ರಸ್ವ ಸ್ವರಗಳ ನಂತರ ಗಂಟಲಿನ ಒಂದು ಧ್ವನಿ ಇತ್ತು ಎಂಬುದು ಅವರ ವಾದ. ಅದು ಅಳಿದ ಕಡೆ ಸ್ವರ ದೀರ್ಘವಾಗಿ ಆ, ಈ ಆಯಿತು. ಮುಂದಿನ ವ್ಯಂಜನದಲ್ಲಿ ಕರಗಿದ ಕಡೆ ಆ ವ್ಯಂಜನ ಇಮ್ಮಡಿಯಾಯಿತು. ತೆಲುಗು ಶಾಲೆಗಳಲ್ಲಿ ಮಕ್ಕಳು ಓದುವ ‘ತ್ರಿಕಸಂಧಿ’ ಇದೇ: ಆ, ಈ, ಏ ಮೂರಕ್ಕೆ ‘ತ್ರಿಕ’ವೆಂದು ಹೆಸರು, ಆ, ಕನ್ಯ ಸೇರಿ ‘ಅಕ್ಕನ್ಯ’.

ಮೂರನೆಯ ಸ್ವರ ‘ಉ’ ತೀರ ಹತ್ತಿರವೂ ಅಲ್ಲದ, ದೂರವೂ ಅಲ್ಲದ ವಸ್ತುವಿನದು. ಹಳಗನ್ನಡದಲ್ಲಿ ‘ಉದು’, ‘ಉವಂ’ ಇದ್ದವು, ಈಗ ಇಲ್ಲ. ಜಾಫ್ನಾದ ತಮಿಳಿನಲ್ಲಿ ‘ಉದು’ ಇನ್ನೂ ಬದುಕಿದೆ. ಇಂಗ್ಲಿಷಿಗೂ ಒಂದು ಕಾಲಕ್ಕೆ ‘ಯಾನ್’ ಎಂಬ ಮೂರನೆಯದೊಂದಿತ್ತು, ಆದರೆ ಅದು ತೋರಿಸುತ್ತಿದ್ದುದು ತೀರ ದೂರದ್ದನ್ನು.

ನಿತ್ಯದ ಬಳಕೆಯಲ್ಲಿ ವಿಶೇಷಣ, ಸರ್ವನಾಮಗಳ ಗೋಡೆ ಅಷ್ಟೇನೂ ಗಟ್ಟಿಯಲ್ಲ. ‘ಆ’ ತನ್ನ ಮುಂದಿನ ನಾಮಪದವನ್ನು ನುಂಗಿಕೊಂಡರೆ ಸರ್ವನಾಮವೇ ಆಗಿಬಿಡುತ್ತದೆ. ಕನ್ನಡದ ‘ಆವಯ್ಯ’, ‘ಆಯಮ್ಮ’, ತೆಲುಗಿನ ‘ಆಯನ’ ಅಂಥವು. ಗಂಡನ ಹೆಸರೆತ್ತದ ಹಳೆಯ ಕಾಲದ ಕನ್ನಡ ಗೃಹಿಣಿ ‘ಇವರು ಊರಲ್ಲಿಲ್ಲ’ ಎನ್ನುತ್ತಾಳೆ. ಅವಳ ತೆಲುಗು ನೆರೆಯವಳು ‘ಮಾ ಆಯನ’ ಎನ್ನುತ್ತಾಳೆ. ಒಬ್ಬಳು ಹತ್ತಿರದ ಪದ ಆರಿಸಿಕೊಂಡಳು, ಇನ್ನೊಬ್ಬಳು ದೂರದ್ದು. ಗಂಡಂದಿರಿಬ್ಬರೂ ಒಂದೇ ಆಫೀಸಿನಲ್ಲಿರಬಹುದು.