ಚಿತ್ರ ಬರೆಯುವ ಕೈಗೆ ಎಷ್ಟು? ಅನಿಮೆಯ ಅರವತ್ತು ವರ್ಷದ ಲೆಕ್ಕ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಯುವಕೂಟದಲ್ಲಿ ಈಚೆಗೆ ಹೆಚ್ಚು ಕೇಳುವ ಮಾತು ಅನಿಮೆಯದು. ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸಿನಲ್ಲಿ ಬರುವ ತಮ್ಮಂದಿರು ಜಪಾನಿನ ಕಾರ್ಟೂನು ನೋಡುತ್ತಲೇ ಸೊಲ್ಲಾಪುರ ಮುಟ್ಟುತ್ತಾರೆ. ಅವರಲ್ಲೊಬ್ಬ ಒಂದು ದಿನ ಕೇಳಿದ: "ತಿಂಗಳಾ ರೊಕ್ಕ ಕಟ್ಟತೀವಿ. ಚಿತ್ರ ತೆಗಿಯೋರಿಗೆ ಅದು ಮುಟ್ಟತದೇನು?" ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಕಥೆ ಶುರುವಾಗುವುದು 1963ರ ಜನವರಿ 1ರಂದು. ಅಂದು ಜಪಾನಿನ ಟಿವಿಯಲ್ಲಿ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಮೊದಲ ಸಲ ಬಂತು. (ಮುಂದೆ ಇಟಲಿಯ ಟಿವಿಗಾಗಿ ಬೈಬಲ್ ಕಥೆಗಳ ಅನಿಮೆ ಕೈಗೆತ್ತಿಕೊಂಡವರೂ ಇವರೇ.) ಟಿವಿಯವರು ಒಪ್ಪಲೆಂದು ತೆಜುಕಾ ಖರ್ಚಿಗಿಂತ ಕಡಿಮೆ ಬೆಲೆಗೆ ಕಂತುಗಳನ್ನು ಮಾರಿದರು, ನಷ್ಟವನ್ನು ಆಟಿಕೆ, ಚಾಕಲೇಟು ಮತ್ತು ವಿದೇಶದ ಮಾರಾಟದಿಂದ ತುಂಬಿಕೊಳ್ಳುವ ಲೆಕ್ಕ ಅವರದು. ಜನ ಮೆಚ್ಚಿದರು. ಆದರೆ ಆ ಅಗ್ಗದ ದರವೇ ರೂಢಿಯಾಯಿತು. ಅವರು ಕಟ್ಟಿದ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು.

ಮುಂದೆ ‘ನಿರ್ಮಾಣ ಸಮಿತಿ’ ಪದ್ಧತಿ ಬಂತು. ಪ್ರಕಾಶಕರು, ಟಿವಿ, ಸಂಗೀತ ಮತ್ತು ಆಟಿಕೆ ಕಂಪನಿಗಳು ಸೇರಿ ಹಣ ಹಾಕಿ, ಲಾಭವನ್ನು ತಮ್ಮೊಳಗೇ ಹಂಚಿಕೊಳ್ಳುತ್ತವೆ. ಹಣ ಹಾಕದ ಸ್ಟುಡಿಯೋಗೆ ಸಿಗುವುದು ಗೊತ್ತುಮಾಡಿದ ಕೂಲಿ ಮಾತ್ರ. ಎರಡು ಭಂಗಿಗಳ ನಡುವಿನ ಚಲನೆಯ ಚಿತ್ರ ಬರೆಯುವವರಿಗೆ ಹಾಳೆಗೆ ಇಷ್ಟೆಂದು ಕೊಡುತ್ತಾರೆ. 2015ರಲ್ಲಿ ಪ್ರಕಟವಾದ ಅಲ್ಲಿನ ಸಮೀಕ್ಷೆಯ ಪ್ರಕಾರ ಅವರ ಸರಾಸರಿ ವರ್ಷದ ಗಳಿಕೆ ಸುಮಾರು 11 ಲಕ್ಷ ಯೆನ್, ಅಂದರೆ ತಿಂಗಳಿಗೆ ಒಂದು ಲಕ್ಷ ಯೆನ್ನೂ ಇಲ್ಲ. ಜಪಾನಿನಲ್ಲಿ ಅಷ್ಟರಲ್ಲಿ ಬದುಕುವುದು ಕಷ್ಟ.

ಸೊಲ್ಲಾಪುರದವರಿಗೆ ಈ ಲೆಕ್ಕ ಹೊಸದಲ್ಲ. ನಮ್ಮೂರಿನ ಅಕ್ಕಂದಿರು ಮನೆಯಲ್ಲಿ ಕೂತು ಬೀಡಿ ಸುತ್ತುತ್ತಾರೆ. ಕೂಲಿ ಸಾವಿರಕ್ಕೆ ಇಷ್ಟೆಂದು. ಬೀಡಿಯ ಕಟ್ಟಿನ ಮೇಲೆ ಅವರ ಹೆಸರಿಲ್ಲ. ಅನಿಮೆಯ ಕೊನೆಗೆ ಹೆಸರು ಬರುತ್ತದೆ, ನಾವು ಅದನ್ನು ಹಾರಿಸಿ ಮುಂದಿನ ಕಂತಿಗೆ ಹೋಗುತ್ತೇವೆ.

ಈಗ ಅಂಗಡಿಗಳೂ ಒಂದಾಗುತ್ತಿವೆ. ನಾವು ಚಿಕ್ಕವರಿದ್ದಾಗ ಡೊರೇಮಾನ್ ತೋರಿಸಿದ ಹಂಗಾಮಾ ಟಿವಿ 2004ರಲ್ಲಿ ಯುಟಿವಿಯ ಚಾನೆಲ್ಲಾಗಿ ಹುಟ್ಟಿತು. 2006ರಲ್ಲಿ ಡಿಸ್ನಿ ಅದನ್ನು ಕೊಂಡಿತು. 2024ರ ನವೆಂಬರಿನಲ್ಲಿ ಡಿಸ್ನಿಯ ಭಾರತದ ವ್ಯವಹಾರ ರಿಲಯನ್ಸ್ ಜೊತೆ ಸೇರಿತು. ಅತ್ತ ಕ್ರಂಚಿರೋಲ್ 2006ರಲ್ಲಿ ಅಭಿಮಾನಿಗಳೇ ಅನುಮತಿಯಿಲ್ಲದೆ ವಿಡಿಯೋ ಏರಿಸುವ ತಾಣವಾಗಿ ಹುಟ್ಟಿ, 2009ರಿಂದ ಕಾನೂನುಬದ್ಧವಾಯಿತು. 2021ರಲ್ಲಿ ಸೋನಿ ಅದನ್ನು 117.5 ಕೋಟಿ ಡಾಲರಿಗೆ ಕೊಂಡಿತು. ಅದರ ಪ್ರತಿಸ್ಪರ್ಧಿ ಫ್ಯೂನಿಮೇಷನ್ ಆಗಲೇ ಸೋನಿಯ ಕೈಯಲ್ಲಿತ್ತು. 2024ರ ಏಪ್ರಿಲ್ 2ಕ್ಕೆ ಫ್ಯೂನಿಮೇಷನ್ ಮುಚ್ಚಿದಾಗ, ಡಿಸ್ಕ್ ಕೊಂಡವರು ಅಲ್ಲಿ ಕೂಡಿಸಿಟ್ಟ ಡಿಜಿಟಲ್ ಪ್ರತಿಗಳು ಹೊಸ ತಾಣಕ್ಕೆ ಬರಲಿಲ್ಲ. ಡಿಸ್ಕ್ ಮನೆಯಲ್ಲಿದ್ದವರಿಗೆ ಅದಷ್ಟೇ ಉಳಿಯಿತು.

ದೊಡ್ಡ ಕಂಪನಿಯಿಂದ ಅನುಕೂಲವೇ ಇಲ್ಲವೆನ್ನಲಾರೆವು. 2022ರಲ್ಲಿ ಕ್ರಂಚಿರೋಲ್ ಭಾರತದ ದರವನ್ನು ತಿಂಗಳಿಗೆ 79 ರೂಪಾಯಿಗೆ ಇಳಿಸಿತು; ಕದ್ದು ನೋಡುವ ಕಾರಣ ನಮ್ಮಲ್ಲಿ ಅನೇಕರಿಗೆ ತಪ್ಪಿತು. ಆದರೆ ಒಂದೇ ಅಂಗಡಿ ಉಳಿದಾಗ ದರವೂ ಅವರದೇ, ಏನು ತೋರಿಸಬೇಕೆಂಬ ತೀರ್ಮಾನವೂ ಅವರದೇ.

ಭಾಷೆಯ ಮಾತೂ ಅಷ್ಟೇ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ನಮ್ಮ ದೇಶದ ಚಿತ್ರಮಂದಿರಗಳಿಗೆ ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡ ಇರಲಿಲ್ಲ. ನಾಳೆ ಬಂದರೂ ಮನುಷ್ಯರ ದನಿಯಲ್ಲಿ ಬರುವುದೇ? ಅದೇ ವರ್ಷದ ಜುಲೈನಲ್ಲಿ ಕ್ರಂಚಿರೋಲಿನ ಒಂದು ಸರಣಿಯ ಜರ್ಮನ್ ಅಡಿಬರಹದಲ್ಲಿ ‘ಚಾಟ್‌ಜಿಪಿಟಿ ಹೇಳಿತು’ ಎಂಬ ಮಾತು ಹಾಗೇ ಉಳಿದಿತ್ತು. ಹೊರಗುತ್ತಿಗೆಯವರು ಒಪ್ಪಂದ ಮೀರಿದರೆಂದು ಕಂಪನಿ ಹೇಳಿತು. ಏನೇ ಆಗಲಿ, ಒಬ್ಬ ಅನುವಾದಕನ ಕೆಲಸ ಅಲ್ಲಿ ಯಂತ್ರಕ್ಕೆ ಹೋಗಿತ್ತು.

ಆ ತಮ್ಮನಿಗೆ ನಮ್ಮ ಉತ್ತರ ಇಷ್ಟೇ: "ಮುಟ್ಟತದಪಾ, ಆದರ ಬಾಳ ಕೈ ದಾಟಿ, ಸವೆದು ಮುಟ್ಟತದ." ನೋಡಬೇಡಿ ಎಂದು ನಾವು ಹೇಳುವುದಿಲ್ಲ, ನಾವೂ ನೋಡುತ್ತೇವೆ. ಮುಂದಿನ ಸಲ ಕೂಟದಲ್ಲಿ ಅನಿಮೆ ಹಾಕಿದಾಗ ಕೊನೆಯ ಹೆಸರುಗಳು ಮುಗಿಯುವ ತನಕ ಯಾರೂ ಏಳುವುದು ಬೇಡ ಎಂದು ಮಾತಾಡಿಕೊಂಡಿದ್ದೇವೆ. ನೀವೂ ಬನ್ನಿ.